ಬಾನೆಟ್ಟಿಗೆ ಸಿಕ್ಕಿದ ಚೆಂಡು ಹೂವು

೨೦೦೭ರ ಆಯುಧ ಪೂಜೆ. ಮಳೆ ಬಿಟ್ಟು ಬಿಸಿಲು ಬಂದಿತ್ತು, ಬೆಳಿಗ್ಗೆ ಹತ್ತು ಗಂಟೆ. ಯಡಿಯೂರಿನ ನಮ್ಮ ಮನೆ ಮುಂದೆ ಮಗ ಶಿವರಾಮ್ ಕಾರು ತೊಳೆದು, ಬಾನೆಟ್ ಎತ್ತಿ ಇಂಜಿನ್ನಿಗೂ ಕುಂಕುಮ ಇಟ್ಟ. ಚೆಂಡು ಹೂವಿನ ಹಾರದ ತುದಿಯನ್ನ ಒಳಕ್ಕೆ ಸಿಕ್ಕಿಸಿ ಬಾನೆಟ್ ಮುಚ್ಚಿದ. ಕಟ್ಟೋ ತಾಪತ್ರಯ ಇಲ್ಲ ಅಂತ ನಮ್ಮ ಬೀದಿಲಿ ಎಲ್ಲರೂ ಹಾಗೇ ಮಾಡ್ತಿದ್ರು.

ಬಾಣಂತನ ಮುಗಿದಿದ್ದ ಮಗಳು ಶಾಲಿನಿಯನ್ನೂ ಕೂಸನ್ನೂ ಮಾರನೇ ದಿನ ಅದೇ ಕಾರಲ್ಲಿ, ಹೊಸೂರು ರಸ್ತೆ ಹಿಡಿದು, ಆನೇಕಲ್ಲಿನ ಗಂಡನ ಮನೆಗೆ ಬಿಡಬೇಕಿತ್ತು.

ನಿಂಬೆಹಣ್ಣು ತುಳಿಸೋಕೆ ಶಿವರಾಮ್ ಕಾರು ಸ್ಟಾರ್ಟ್ ಮಾಡಿದ. ಸ್ಟಿಯರಿಂಗ್ ಮುಂದೆ ಒಂದು ಕೆಂಪು ದೀಪ ಹತ್ತಿತು. ಬಾಯಿ ತೆರೆದ ಕಾರಿನ ಚಿತ್ರ.

"ನೀರು ಹೋಗಿ ಕೆಟ್ಟಿರಬೇಕಮ್ಮ. ಬಾನೆಟ್ ಮುಚ್ಚೇ ಇದೆಯಲ್ಲ" ಅಂದವನು, ಪೂಜೆಗೆ ತಂದ ಗಣಪತಿ ಸ್ಟಿಕ್ಕರನ್ನ ಆ ದೀಪದ ಮೇಲೇ ಅಂಟಿಸೋಕೆ ಹೋದ.

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ರಾಜಶ್ರೀ ಧಾರವಾಡದ ಕಡೆಯವಳು. ಕಾರ್ ಸರ್ವೀಸ್ ಸೆಂಟರಿನ ಆಫೀಸಲ್ಲಿ ಕೆಲಸ. ಕೋಸಂಬರಿಗೆ ಅಂತ ಕೆಳಗೆ ಬಂದವಳು, "ತಡೀರಿ ಶಿವರಾಮಣ್ಣ, ಅದು ಸುಮ್ನ ಹತ್ತಂಗಿಲ್ಲ" ಅಂದಳು.

"ಮೇಡಂ, ನೀವು ಫೋನ್ ಎತ್ತೋರು. ಬಾನೆಟ್ ಕೆಲಸ ಯಾವಾಗ ಕಲಿತ್ರಿ?"

"ಫೋನಿನ್ಯಾಗ ಬೈಸ್ಕೊಂಡು ಬೈಸ್ಕೊಂಡು ಕಲಿತೇನ್ರಿ."

ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮಾರ, ಫ್ರಿಜ್ ಬಾಗಿಲು ಸರಿ ಮುಚ್ಚಿದ್ರ ಒಂದು ಗುಂಡಿ ಒತ್ತಿ ಒಳಗಿನ ದೀಪ ಆರತೈತಲ್ಲ? ಬಾನೆಟ್ ಲಾಕಿನ್ಯಾಗೂ ಅಂಥದ ಸ್ವಿಚ್ ಐತಿ. ಲಾಕ್ ಪೂರ್ತಿ ಬಿದ್ರಷ್ಟ ಈ ದೀಪ ಆರತೈತಿ."

ಇಂಜಿನ್ ನಿಲ್ಲಿಸೋಕೆ ಹೇಳಿ, ಬಾನೆಟ್ ತುದಿ ಹಿಡಿದು ಎತ್ತಿದಳು. ಎರಡು ಬೆರಳಷ್ಟು ಮೇಲೆದ್ದಿತು.

"ನೋಡ್ರಿ, ಬರೇ ಸಣ್ಣ ಕೊಕ್ಕಿ ಹಿಡದೈತಿ. ಜೋರು ಹೋದಾಗ ಗಾಳಿ ಎತ್ತತೈತಿ. ಕೊಕ್ಕಿ ಬಿಟ್ರ ಬಾನೆಟ್ ಬಂದು ಗಾಜಿಗೆ ಬಡೀತೈತಿ. ಮುಂದಿನ ರಸ್ತೆ ಕಾಣಂಗಿಲ್ಲ."

ಶಿವರಾಮ್ ನನ್ನ ತೊಡೆ ಮೇಲಿದ್ದ ಕೂಸನ್ನ ನೋಡಿದ. ಬಾನೆಟ್ ತೆರೆದರೆ ಲಾಕಿನ ಬಾಯಲ್ಲಿ ಹಾರದ ದಾರ, ಜಜ್ಜಿಹೋದ ಹೂವು. ಕಿತ್ತು, ಒರೆಸಿ, ಮುಚ್ಚಿದ. ಟಪ್ ಅಂತ ಬಿತ್ತು. ಮತ್ತೆ ಸ್ಟಾರ್ಟ್ ಮಾಡಿದಾಗ ದೀಪ ಇಲ್ಲ.

"ಸರಿಯಾಗಿ ಮುಚ್ಚಿದ ಮೇಲೂ ಉರಿದ್ರೆ?" ಅಂತ ಶಿವರಾಮ್ ಕೇಳಿದ.

"ಸ್ವಿಚ್ ಕೆಟ್ಟಿರಬಹುದು, ಗ್ಯಾರೇಜಿನ್ಯಾಗ ತೋರಸ್ರಿ. ವೈರ್ ಮಾತ್ರ ಕತ್ತರಸಬ್ಯಾಡ್ರಿ."

ಅವಳಿಗೆ ಕುಂಕುಮ ಕೊಟ್ಟು ಮಲ್ಲಿಗೆ ಮುಡಿಸಿದೆ. ಆಯುಧ ಪೂಜೆ ಬಂದಾಗೆಲ್ಲ ಈಗಲೂ ಆ ಹುಡುಗಿಯನ್ನ ನೆನೀತೀನಿ.

ಅಣ್ಣಂದಿರೇ, ಅಕ್ಕಂದಿರೇ, ಹಾರವನ್ನ ಹೊರಗೇ ಕಟ್ಟಿ. ಓಡಿಸುವಾಗ ಆ ದೀಪ ಹತ್ತಿದರೆ ನಿಧಾನ ಮಾಡಿ, ಎಡಕ್ಕೆ ನಿಲ್ಲಿಸಿ, ಇಳಿದು ನೋಡಿ. ಹಳೇ ಕಾರುಗಳಿಗೆ ಆ ದೀಪವೇ ಇರಲ್ಲ, ಮುಚ್ಚಿದ ಮೇಲೆ ಕೈಯಲ್ಲಿ ಎತ್ತಿ ನೋಡೋದೊಂದೇ ದಾರಿ.

ನಮ್ಮ ಶಿವರಾಮನೂ ಹಾಗೇ ಎತ್ತಿ ನೋಡಿದ ಮೇಲೆ, ವಿಜಯದಶಮಿ ಭಾನುವಾರ, ಶಾಲಿನಿ ಕೂಸನ್ನ ಮಡಿಲಲ್ಲಿಟ್ಟುಕೊಂಡು ಹೊರಟಳು.