ಅಪ್ಪನ ಫೋಟೊ ಹಿಂದಿನ ಲಕೋಟೆಗಳು

ಗಾಜಿನ ವ್ಯಾಪಾರಿ ವಾಪಸ್ ಬಂದ ಚೆಕ್ಕನ್ನು ಫ್ರೇಮ್ ಅಂಗಡಿಯ ಗಲ್ಲಾದ ಮೇಲೆ ಬಡಿದ.

"ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಯಾಕಯ್ಯಾ ಬರೀತೀಯ? ಬ್ಯಾಂಕಲ್ಲಿ ನನ್ನ ಮರ್ಯಾದೆ ಹೋಯ್ತು!"

"ದುಡ್ಡಿದೆ ಅಣ್ಣಾ. ಹೆಂಡತಿ ಮಂಡಿ ಆಪರೇಷನ್‌ಗೆ ಕೂಡಿಟ್ಟಿರೋದನ್ನ ಮುಟ್ಟದೇ ಇದ್ರೂ ನಿಮ್ಮ ಚೆಕ್ಕಿಗೆ ಸಾಕಾಗುತ್ತೆ. ಬ್ಯಾಂಕಿನೋರೇ ಏನೋ ಎಡವಟ್ಟು ಮಾಡಿದ್ದಾರೆ," ಎಂದ ಫ್ರೇಮಿನವನು.

ಬ್ಯಾಂಕಿನವರು ಎಡವಟ್ಟು ಮಾಡಿರಲಿಲ್ಲ. ಅವನು ಹೋಗಿ ವಿಚಾರಿಸಿದಾಗ, ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತೆ ದನಿ ತಗ್ಗಿಸಿದಳು. "ತೆರಿಗೆ ಕಚೇರಿಯಿಂದ ಆದೇಶ ಬಂದಿತ್ತು ಸರ್. ಖಾತೆಯಲ್ಲಿದ್ದದ್ದೆಲ್ಲಾ ಬಾಕಿಗೆ ಹೋಯ್ತು. ನಿಮಗೆ ನೋಟಿಸ್ ಬಂದಿರಬೇಕಲ್ವಾ?"

ಬಂದಿತ್ತು. ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು.

ಫ್ರೇಮ್ ಕಟ್ಟುವವರಿಗೆ ಒಂದು ಅಭ್ಯಾಸ. ಚಿತ್ರದ ಹಿಂದೆ ಕೂರಿಸುವ ಹಲಗೆ ಸಡಿಲವಾದರೆ ಕೈಗೆ ಸಿಕ್ಕ ಕಾಗದ ತುರುಕಿ ಬಿಗಿ ಮಾಡಿಬಿಡುತ್ತಾರೆ. ಹಿಂದೆ ಒಮ್ಮೆ ಹೋಟೆಲೊಂದರ ಕೋಣೆಗಳಿಗೆಲ್ಲ ಚಿತ್ರ ಕಟ್ಟುವ ದೊಡ್ಡ ಕೆಲಸ ಸಿಕ್ಕಿತ್ತು. ಆ ದುಡ್ಡಿನಲ್ಲಿ ಅವನು ಫ್ರೇಮಿನ ಪಟ್ಟಿ ಕತ್ತರಿಸುವ ಯಂತ್ರ ತಂದ. ತೆರಿಗೆಯನ್ನು ಮುಂದಿನ ವರ್ಷ ಕಟ್ಟಿದರಾಯಿತು ಎಂದುಕೊಂಡ. ಲೆಕ್ಕವನ್ನೂ ಕೊಡಲಿಲ್ಲ. ಮೊದಲ ಲಕೋಟೆ ಬಂದ ದಿನ ಅಪ್ಪನ ಫೋಟೊಗೆ ಹೊಸ ಹಲಗೆ ಹಾಕುತ್ತಿದ್ದ. ಒಡೆಯಲು ಧೈರ್ಯ ಬರಲಿಲ್ಲ. "ನೀನೇ ನೋಡ್ಕೋಪ್ಪಾ," ಎಂದು ಹಿಂದೆ ತುರುಕಿದ. ಆಮೇಲೆ ಬಂದವೆಲ್ಲ ಅದೇ ದಾರಿ ಹಿಡಿದವು.

ಬ್ಯಾಂಕಿನಿಂದ ಅವನು ಅಂಗಡಿಗೆ ಮರಳಿದಾಗ ಹೆಂಡತಿ ನೋವಿರುವ ಕಾಲು ಚಾಚಿ ಕೂತಿದ್ದಳು. ಮಾವನ ಫೋಟೊ ಮಡಿಲಲ್ಲಿತ್ತು. ಗಾಜು ಮುಖದ ಮೇಲೇ ಅಡ್ಡಡ್ಡ ಸೀಳಿತ್ತು.

"ತಾನಾಗೇ ಒಡೆದಿದೆ ನೋಡ್ರೀ. ಮಾವನಿಗೆ ಹೊಟ್ಟೆ ಉಬ್ಬರಿಸಿದೆ. ಏನು ತಿನ್ನಿಸಿದ್ದೀರಿ?"

ಅವನು ಬೇಡ ಎನ್ನುವಷ್ಟರಲ್ಲಿ ಇಕ್ಕಳದಿಂದ ಹಲಗೆಯ ಮೊಳೆ ಕಿತ್ತಳು. ಲಕೋಟೆಗಳು ನೆಲಕ್ಕೆ ಬಿದ್ದವು. ಒಂದೊಂದೇ ಒಡೆದು ಓದಿದಳು. ಅವಳ ಮುಖದ ನಗು ಹಾರಿಹೋಯಿತು. ಕೊನೆಯ ಕಾಗದದಲ್ಲಿ, ಬ್ಯಾಂಕ್ ಖಾತೆಯಿಂದ ವಸೂಲಾಗಿ ಉಳಿದ ಬಾಕಿಯನ್ನು ಈ ವಾರದೊಳಗೆ ತೀರಿಸದಿದ್ದರೆ ಅಥವಾ ಬಂದು ಉತ್ತರ ಕೊಡದಿದ್ದರೆ ಯಂತ್ರವನ್ನೂ ಅಂಗಡಿಯ ಮಾಲನ್ನೂ ಜಪ್ತಿ ಮಾಡಿ ಹರಾಜು ಹಾಕುತ್ತೇವೆ ಎಂದಿತ್ತು.

"ನನ್ನ ಮಂಡಿ ದುಡ್ಡು?" ಎಂದಳು.

ಅವನು ಶಟರ್ ಅರ್ಧ ಎಳೆದು ಮೂಲೆಯಲ್ಲಿ ಕುಕ್ಕರಿಸಿದ. ಹೆಂಡತಿ ಅವನ ಅಕ್ಕನಿಗೆ ಫೋನ್ ಮಾಡಿದಳು.

ಅಕ್ಕ ಕ್ಯಾಂಟೀನ್ ನಡೆಸುವವಳು. ತೆರಿಗೆ ಬಾಕಿಯ ಬಿಸಿ ಅವಳಿಗೂ ಒಮ್ಮೆ ತಟ್ಟಿತ್ತು. ಅಡುಗೆಗೆಂದು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಬಂದು ಶಟರ್ ಕೆಳಗೆ ಬಗ್ಗಿ ಒಳಗೆ ನುಗ್ಗಿದಳು.

"ಇವನ್ನ ಬಂದಾಗಲೇ ಒಡೆದು ಓದೋಕೆ ಏನಾಗಿತ್ತೋ?"

"ಓದಿದ್ರೆ ದುಡ್ಡು ಬರ್ತಿತ್ತಾ?"

"ಓದದೆ ಇದ್ದಿದ್ದಕ್ಕೆ ಇದ್ದದ್ದೂ ಹೋಯ್ತಲ್ಲೋ ದಡ್ಡ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ."

"ಯಂತ್ರ ಭಾವನ ಹೆಸರಿಗೆ ಮಾಡಿಬಿಡ್ಲಾ?"

"ಮಾಡು. ಬಾಕಿ ತಪ್ಪಿಸೋಕೆ ಮಾಲು ದಾಟಿಸಿದ ಅಂತ ಹೊಸ ಕೇಸು. ನನ್ನ ಗಂಡನನ್ನೂ ಗುಂಡಿಗೆ ಎಳೀತೀಯ."

"ಒಬ್ಬ ದಲ್ಲಾಳಿ ಇದ್ದಾನೆ. ಅರ್ಧ ದುಡ್ಡು ಕೊಟ್ರೆ ಫೈಲೇ ಮುಚ್ಚಿಸ್ತಾನಂತೆ."

"ಅವನು ಮುಚ್ಚೋದು ತನ್ನ ಫೋನು. ಅಂಥವನಿಗೆ ದುಡ್ಡು ಕೊಟ್ಟೇ ನಾನು ಮುಳುಗಿದ್ದು. ಬಡ್ಡಿಯವನ ಹತ್ರ ಹೋಗೋ ಯೋಚನೆ ಇದ್ರೆ ಅದನ್ನೂ ಬಿಡು. ಈ ಬೆಂಕಿ ಆರಿಸೋಕೆ ಆ ಎಣ್ಣೆ ಬೇಡ."

"ನಾನೇ ಇಲ್ದಿದ್ರೆ ಎಲ್ಲಾ ಮುಗಿಯುತ್ತೆ ಅಕ್ಕಾ."

ಲಕೋಟೆ ಜೋಡಿಸುತ್ತಿದ್ದ ಅಕ್ಕನ ಕೈ ನಿಂತಿತು. ಬಯ್ಗುಳ ನುಂಗಿಕೊಂಡು ಪಕ್ಕದಲ್ಲಿ ನೆಲದ ಮೇಲೇ ಕೂತಳು.

"ಏನೂ ಮುಗಿಯಲ್ಲ ಕಣೋ. ಸಾಲ ಸಾಲದ ಪಾಡಿಗೆ ಇರುತ್ತೆ, ಇವಳು ಒಬ್ಬಳೇ ಆಗ್ತಾಳೆ. ಇದು ದುಡ್ಡಿನ ಕಷ್ಟ, ಜೀವದ್ದಲ್ಲ. ಇವತ್ತು ನಾನು ಇಲ್ಲೇ ಇರ್ತೀನಿ. ನಾಳೆ ಮೂವರೂ ಕಚೇರಿಗೆ ಹೋಗೋಣ."

ಮರುದಿನ ಬೆಳಿಗ್ಗೆ ಅಕ್ಕ ಕಚೇರಿಯ ನಂಬರನ್ನು ತಾನೇ ಹುಡುಕಿ ಫೋನ್ ಮಾಡಿ, ನೋಟಿಸು ನಿಜವೆಂದು ಖಾತ್ರಿ ಮಾಡಿಕೊಂಡಳು. ಗಾಜು, ಮರ, ಬಾಡಿಗೆಯ ಬಿಲ್ಲುಗಳನ್ನು ಹೆಂಡತಿ ಒಂದು ಚೀಲಕ್ಕೆ ತುಂಬಿದಳು.

ಕಚೇರಿಯಲ್ಲಿ ಅಧಿಕಾರಿಣಿ ಎಲ್ಲವನ್ನೂ ಓದಿ ಕನ್ನಡಕ ತೆಗೆದಿಟ್ಟರು. "ನೀವು ಲೆಕ್ಕ ಕೊಡಲಿಲ್ಲ, ನಾವು ಅಂದಾಜಿನ ಮೇಲೆ ತೆರಿಗೆ ಹಾಕಿದ್ವಿ. ಮೊದಲನೇ ನೋಟಿಸಿಗೇ ಈ ಬಿಲ್ಲು ತಂದಿದ್ರೆ ಎಷ್ಟೋ ಇಳೀತಿತ್ತು."

"ಈಗ ಇಳಿಸಿ ಅಮ್ಮಾ," ಎಂದ.

"ಆಕ್ಷೇಪಣೆಯ ಗಡುವು ಮುಗಿದಿದೆ."

"ಬ್ಯಾಂಕಿಂದ ತಗೊಂಡಿರೋದಾದ್ರೂ ವಾಪಸ್ ಕೊಡಿ. ಅದು ಇವಳ ಕಾಲಿನ ಆಪರೇಷನ್ನಿನ ದುಡ್ಡು."

ಅವರು ಅವಳ ಕಾಲಿನ ಕಡೆ ನೋಡಿದರು. "ಖಾತೆಗೆ ಕೈ ಹಾಕೋ ಮೊದಲೇ ಆಸ್ಪತ್ರೆ ಕಾಗದ ಇಟ್ಟು ಬರೆದುಕೊಟ್ಟಿದ್ರೆ ನೋಡಬಹುದಿತ್ತು. ಈಗ ಜಮೆ ಆಗಿಹೋಗಿದೆ."

"ಉಳಿದಿದ್ದಕ್ಕೆ ಕಂತು ಹಾಕಿಕೊಡಿ," ಎಂದು ಅಕ್ಕ ಬಿಲ್ಲಿನ ಚೀಲವನ್ನು ಮತ್ತೆ ಮುಂದೆ ತಳ್ಳಿದಳು. "ಇವನ ದುಡಿಮೆ ಎಷ್ಟು, ಖರ್ಚು ಎಷ್ಟು, ಎಲ್ಲಾ ಇದರಲ್ಲಿದೆ. ಯಂತ್ರ ಹೋದ್ರೆ ಕಂತೂ ಇಲ್ಲ, ಊಟವೂ ಇಲ್ಲ."

ಕಂತು ಸಿಕ್ಕಿತು. ಕಂತು ತಪ್ಪದಿದ್ದರೆ, ಇನ್ನು ಮುಂದಿನ ಲೆಕ್ಕವೂ ಹೊತ್ತಿಗೆ ಸರಿಯಾಗಿ ಬಂದರೆ ಜಪ್ತಿ ಇಲ್ಲ. ಒಂದು ತಪ್ಪಿದರೂ ಯಂತ್ರ ಲಾರಿ ಹತ್ತುತ್ತದೆ. ಮೊಹರು ಹಾಕಿದ ಆದೇಶದ ಪ್ರತಿ ಕೈಗೆ ಬರುವವರೆಗೂ ಅಕ್ಕ ಕುರ್ಚಿ ಬಿಟ್ಟೇಳಲಿಲ್ಲ.

ಹೊರಗೆ ಹೆಂಡತಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಅವನು ಕೈ ಚಾಚಿದ. ಅವಳು ಹಿಡಿಯಲಿಲ್ಲ.

ಅಂಗಡಿಯಲ್ಲಿ ಅವನು ಅಪ್ಪನ ಫೋಟೊಗೆ ಹೊಸ ಗಾಜು ಕೂರಿಸಿದ. ಹಲಗೆ ಇನ್ನೂ ಸಡಿಲವಾಗಿಯೇ ಇತ್ತು. ಕೈ ಅಭ್ಯಾಸಬಲದಿಂದ ಕಾಗದ ಹುಡುಕಿತು.

"ಅದು ಅಲುಗಾಡ್ತಾನೇ ಇರಲಿ," ಎಂದಳು ಹೆಂಡತಿ. "ಇನ್ಮೇಲೆ ಯಾವ ಲಕೋಟೆ ಬಂದ್ರೂ ಬಾಗಿಲಲ್ಲೇ ನಾನು ಒಡೀತೀನಿ. ಓದಿ ಹೇಳಿದ್ದನ್ನ ನೀವು ಕೇಳ್ಬೇಕು."

"ಕೇಳ್ತೀನಿ," ಎಂದ. ಅವಳು ಮಂಡಿ ಒತ್ತಿಕೊಳ್ಳುತ್ತಾ ಕೂತಳು. ಕಂತು ತೀರುವವರೆಗೆ ಆ ಆಪರೇಷನ್ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಓದುತ್ತಿರುವವರೇ, ಕಥೆ ಹೇಳಿದ ನಮಗೆ ನಿಮ್ಮನ್ನೂ ಬಯ್ಯಬೇಕು ಅನಿಸುತ್ತಿದೆ, ಬಯ್ಯುತ್ತೇವೆ. ನೋಟಿಸನ್ನು ಬಚ್ಚಿಟ್ಟರೆ ಬಾಕಿ ಬಚ್ಚಿಟ್ಟುಕೊಳ್ಳುವುದಿಲ್ಲ, ಕತ್ತಲಲ್ಲಿ ಕೂತು ಬಡ್ಡಿ ತಿಂದು ಕೊಬ್ಬುತ್ತದೆ. ಬಂದ ದಿನವೇ ಒಡೆಯಿರಿ, ಗಡುವು ಯಾವಾಗ ಎಂದು ನೋಡಿ. ನಿಜವೋ ಮೋಸವೋ ಎಂದು ಕಚೇರಿಯಲ್ಲೇ ವಿಚಾರಿಸಿ, ಫೋನಿನಲ್ಲಿ ಪಿನ್, ಒಟಿಪಿಯಂಥ ಗುಟ್ಟಿನ ನಂಬರ್ ಕೇಳುವವನಿಗೆ ಏನೂ ಹೇಳಬೇಡಿ. ಮೊತ್ತ ತಪ್ಪೆನಿಸಿದರೆ ಗಡುವಿನೊಳಗೆ ಬರೆದುಕೊಡಿ. ಕೈಯಲ್ಲಿ ದುಡ್ಡಿಲ್ಲವೇ? ಲೆಕ್ಕವನ್ನಾದರೂ ಕೊಡಿ, ಕಂತು ಕೇಳಿ. ಕೇಳಲು ನಾಚಿಕೆ ಬೇಡ, ರಸೀದಿ ಮಾತ್ರ ಬಿಡಬೇಡಿ. ಬದುಕೇ ಬೇಡ ಅನಿಸಿದರೆ ಆ ಕ್ಷಣವೇ ಯಾರಿಗಾದರೂ ಹೇಳಿ, ಒಬ್ಬರೇ ಕೂರಬೇಡಿ.

ನಿಮ್ಮ ಮನೆಯ ಬಿಚ್ಚದ ಲಕೋಟೆ ಎಲ್ಲಿದೆ ಎಂದು ನಿಮಗೆ ಗೊತ್ತಿದೆ. ಈ ಕಾಗದ ಕೆಳಗಿಡಿ. ಎದ್ದು ಹೋಗಿ ಅದನ್ನು ತನ್ನಿ.