ಹೊಳೆ ದಾಟಿದ ಮೇಲೆ ಬಿಚ್ಚುವ ಬುತ್ತಿ

ನಾನು ಒಂದು ಹಿತ್ತಾಳೆಯ ಬುತ್ತಿ ಡಬ್ಬಿ. ಹುಬ್ಬಳ್ಳಿಯ ತಾಂಬಟಗಾರನೊಬ್ಬನ ಸುತ್ತಿಗೆಯ ಕೆಳಗೆ ಹುಟ್ಟಿದೆ. ಆ ಪೆಟ್ಟು ಇನ್ನೂ ಮೈಯಲ್ಲಿದೆಯೋ ಏನೋ, ಸುಮ್ಮನೆ ಕೂರುವುದು ನನಗೆ ಬಾರದು. ಕೊಂಡಿ ಸಡಿಲವಾದ ಮೇಲಂತೂ ಸ್ವಲ್ಪ ಅಲುಗಾಡಿದರೂ ಮುಚ್ಚಳ ಕಟಕಟ ಎನ್ನುತ್ತದೆ.

ನನ್ನನ್ನು ಕೊಂಡವಳು ಕಲ್ಲವ್ವ. ಅವಳ ತವರು ಚಿತ್ರದುರ್ಗ. ವರ್ಷಕ್ಕೊಮ್ಮೆ ನನ್ನ ತುಂಬ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು, ಇಬ್ಬರು ಹೆಣ್ಣುಮಕ್ಕಳನ್ನೂ ಮಗನನ್ನೂ ಕರೆದುಕೊಂಡು ಬಸ್ಸು ಹತ್ತುತ್ತಿದ್ದಳು. ರಾಣೆಬೆನ್ನೂರು ಬರುವಷ್ಟರಲ್ಲೇ ಮಕ್ಕಳಿಗೆ ಹಸಿವು. ‘ಹೊಳಿ ದಾಟಲಿ ತಡೀರಿ’ ಅನ್ನುತ್ತಿದ್ದಳು. ಹರಿಹರದಲ್ಲಿ ತುಂಗಭದ್ರೆಗೆ ಒಂದು ಕಾಸು ಎಸೆದು, ಕೈಮುಗಿದು, ಆಮೇಲೆಯೇ ಮುಚ್ಚಳ ತೆಗೆಯುವುದು. ಹೊಳೆ ದಾಟದೆ ಬುತ್ತಿ ಬಿಚ್ಚಬಾರದು. ಅದು ಆ ಮನೆಯ ಕಟ್ಟಳೆ.

ಕಲ್ಲವ್ವ ತೀರಿಕೊಂಡಾಗ ಚಿಕ್ಕ ಮಗಳು ಚೆನ್ನವ್ವ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ತನ್ನ ಮನೆಗೆ ಒಯ್ದಳು. ಅಕ್ಕ ನಿಂಬೆವ್ವನನ್ನು ಒಂದು ಮಾತು ಕೇಳಲಿಲ್ಲ.

‘ಅವ್ವನ ಡಬ್ಬಿ ನಿನಗೊಬ್ಬಾಕಿಗೇ ಏನ?’ ಅಂದದ್ದೇ ಅಕ್ಕನ ಕಡೆಯ ಮಾತು. ಒಂದೇ ಓಣಿಯಲ್ಲಿದ್ದೂ ವರ್ಷಗಟ್ಟಲೆ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ.

ಮೈಸೂರಿನಲ್ಲಿದ್ದ ತಮ್ಮ ಮಹಾಂತೇಶ ಮಗಳ ಮದುವೆಗೆ ಇಬ್ಬರಿಗೂ ವಿಮಾನದ ಟಿಕೆಟ್ ತೆಗೆಸಿದ. ಬೇಕಂತಲೇ ಅಕ್ಕಪಕ್ಕದ ಸೀಟು. ‘ಸೋದರತ್ತೇರು ಕೂಡಿ ಅರಿಷಿಣ ಹಚ್ಚಬೇಕು. ಮಾರಿ ತಿರುವಿ ನಿಲ್ಲೂದಾದ್ರ ಬರಲೇಬ್ಯಾಡ್ರಿ’ ಎಂದು ಫೋನಿನಲ್ಲಿ ಇಬ್ಬರಿಗೂ ಹೇಳಿದ.

ಚೆನ್ನವ್ವ ಇಬ್ಬರಿಗಾಗುವಷ್ಟು ರೊಟ್ಟಿ, ಚಟ್ನಿಪುಡಿ ತುಂಬಿದಳು. ಬಸ್ಸಾದರೆ ಮೈಸೂರಿಗೆ ರಾತ್ರಿಯಿಡೀ ದಾರಿ. ಅಷ್ಟು ದೂರದಲ್ಲಿ ಎಂಥ ಮುನಿಸೂ ಸವೆದೀತು. ವಿಮಾನಕ್ಕೆ ಒಂದು ತಾಸು, ಮೇಲೆ ಚೂರುಪಾರು ಸಾಕು. ಅಷ್ಟರಲ್ಲಿ ಏನಾದೀತು?

ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ನನ್ನ ಮೇಲೆ ಕೈಯಿಟ್ಟಳು. ‘ಇದನ್ನ ತೆಗೀರಿ ಅಮ್ಮಾ.’

‘ಅಯ್ಯ, ಹೊಳಿ ದಾಟಿಲ್ಲಲ್ಲವಾ!’ ಎಂದು ಚೆನ್ನವ್ವ ಗಾಬರಿಯಾದಳು.

ಹುಡುಗಿ ನನ್ನನ್ನು ಇನ್ನೊಮ್ಮೆ ಯಂತ್ರದೊಳಗೆ ಹಾಯಿಸಿ, ನಕ್ಕು, ಹೋಗಲು ಬಿಟ್ಟಳು. ಹಿಂದೆ ನಿಂತಿದ್ದ ನಿಂಬೆವ್ವ ಅತ್ತ ತಿರುಗಿಕೊಂಡಳು. ನಗು ಬಂದಿತ್ತೋ, ಸಿಟ್ಟೋ, ತಿಳಿಯಲಿಲ್ಲ.

ನನ್ನನ್ನು ಸೀಟಿನ ಕೆಳಗೆ ಇರಿಸಿದರು. ವಿಮಾನ ಎದ್ದಾಗ ಕೆಳಗಿನಿಂದ ನೋಡಿದೆ: ಕಿಟಕಿಯ ಬದಿಯಲ್ಲಿದ್ದ ನಿಂಬೆವ್ವ ಕಣ್ಣು ಬಿಗಿಯಾಗಿ ಮುಚ್ಚಿ, ಕಾಲ್ಬೆರಳಿನಿಂದ ನೆಲ ಹಿಡಿದು ಕೂತಿದ್ದಳು. ನನ್ನ ಮುಚ್ಚಳ ಒಂದೇ ಸಮ ಕಟಕಟ. ಚೆನ್ನವ್ವ ನನ್ನನ್ನು ತೊಡೆಯ ಮೇಲೆ ಎತ್ತಿಕೊಂಡು ಅದುಮಿ ಹಿಡಿದಳು. ಇನ್ನೇನು ಮೈಸೂರು ಬರುತ್ತದೆ ಎಂದು ಯಾರೋ ಕೂಗಿ ಹೇಳಿದರು. ಚೆನ್ನವ್ವ ಅಕ್ಕನ ಕಡೆ ಬಾಗಿದಳು.

‘ಯಕ್ಕಾ, ಕಿಡಕಿ ನಿನ್ನ ಕಡೆ ಐತಿ. ಹೊಳಿ ಬಂತೇನ?’

ನಿಂಬೆವ್ವ ಕಣ್ಣು ತೆರೆಯಲಿಲ್ಲ. ‘ದಾಟೇತಿ. ಬಿಚ್ಚು.’

‘ಕಣ್ಣ ಮುಚ್ಚಿ ನೋಡಿದೇನ?’

‘ಸಪ್ಪಳಾ ಕೇಳಿದ್ನಿ. ಬಿಚ್ಚ ಅಂದ್ರ ಬಿಚ್ಚ, ಚೆನ್ನಿ. ಹಸದೀನಿ.’

ಇಬ್ಬರ ಬಾಯಲ್ಲೂ ರೊಟ್ಟಿ ಇರುವಾಗಲೇ ಚಕ್ರ ನೆಲ ಮುಟ್ಟಿತು. ನಿಲ್ದಾಣದ ಬಾಗಿಲಲ್ಲಿ ಕಾದಿದ್ದ ಮಹಾಂತೇಶ ಇಬ್ಬರ ಸೀರೆಯ ಮೇಲಿನ ಚಟ್ನಿಪುಡಿ ನೋಡಿದ.

ಈಗ ನನ್ನ ಕಲಾಯಿ ಹೋಗಿದೆ, ಅನ್ನ ಇಡುವಂತಿಲ್ಲ. ನಿಂಬೆವ್ವನ ಅಡುಗೆಮನೆಯ ಮೂಲೆಯಲ್ಲಿದ್ದೇನೆ. ತಂದಿಟ್ಟವಳು ಚೆನ್ನವ್ವನೇ. ಮೇಲೆ ವಿಮಾನ ಹೋದರೆ ಈಗಲೂ ನನ್ನ ಮುಚ್ಚಳ ತಡೆಯದು. ಆಗ ಮದುವೆ ಮುಗಿಸಿ ಮರಳಿದ ದಾರಿ ನೆನಪಾಗುತ್ತದೆ. ವಿಮಾನ ಬೇಡವೆಂದು ಇಬ್ಬರೂ ಹಗಲಿನ ಬಸ್ಸು ಹತ್ತಿದ್ದರು. ಹರಿಹರದ ಸೇತುವೆಯ ಮೇಲೆ ನಿಂಬೆವ್ವ ಎರಡು ಕಾಸು ಎಸೆದಳು.

‘ಎರಡ್ಯಾಕ ಯಕ್ಕಾ?’

‘ಒಂದು ವಿಮಾನದಾಗ ಹೋಗುಮುಂದಿಂದು’ ಅಂದಳು.