ತಳಜಾಯಿ ಗುಡ್ಡದ ಹದಿನೆಂಟು ಕಪ್ಪೆಗಳು

ಮರಾಠಿ ನಾಡಿನ ಧನಕವಡಿಯಲ್ಲಿರುವ ಕನ್ನಡಿಗರ ಸ್ಕೌಟ್ ತಂಡದ ಶೀತಲ್‌ಗೆ ಹನ್ನೆರಡು ವರ್ಷ. ಆ ಭಾನುವಾರ ಬೆಳಿಗ್ಗೆ ಅವಳಿಗೆ ಪರೀಕ್ಷೆ. ತಳಜಾಯಿ ಗುಡ್ಡದ ಮೇಲೆ ಸೀಮೆಸುಣ್ಣದ ಬಾಣ ಬರೆಯುತ್ತ, ಚೀಟಿ ಸಿಕ್ಕಿಸುತ್ತ ಮುಂದೆ ಹೋಗಬೇಕು. ಅರ್ಧ ತಾಸಿನ ಮೇಲೆ ಉಳಿದ ಹನ್ನೊಂದು ಮಕ್ಕಳು ಈರಬಸಪ್ಪ ಸರ್ ಜೊತೆಗೆ ಆ ಗುರುತು ಹಿಡಿದು ಅವಳಿದ್ದಲ್ಲಿಗೆ ಬರಬೇಕು. ಬಂದರೆ ಬ್ಯಾಜು, ಇಲ್ಲದಿದ್ದರೆ ಮುಂದಿನ ವರ್ಷ.

ಈರಬಸಪ್ಪ ಸರ್ ವಾರವಿಡೀ ಒಂದು ಆಫೀಸಿನಲ್ಲಿ ಗುಮಾಸ್ತರು. ಭಾನುವಾರ ಕೊರಳಿಗೆ ಸ್ಕಾರ್ಫ್ ಬಿತ್ತೆಂದರೆ ಸೇನಾಪತಿ. "ಸ್ಕೌಟ್ ಆದಂವಾ ಯಾರಿಗೂ ದಾರಿ ಕೇಳಂಗಿಲ್ಲ" ಎಂದು ಎದೆಯುಬ್ಬಿಸಿ ಹೇಳುವರು.

ಬರೀ ಬಾಣ ಬರೆದರೆ ಸಪ್ಪೆ ಎಂದು ಶೀತಲ್ ಚೀಟಿಗಳಲ್ಲಿ ಒಂದಿಷ್ಟು ತುಂಟತನ ಸೇರಿಸಿದ್ದಳು. ತಂಡದ ಅರ್ಧ ಮಕ್ಕಳಿಗೆ ಕನ್ನಡ ಓದಲು ಬಾರದ್ದರಿಂದ ಎಲ್ಲವೂ ಮರಾಠಿಯಲ್ಲಿ. 'ಈ ಬೇವಿನ ಮರವನ್ನು ತಬ್ಬಿಕೊಂಡು ನಿಮ್ಮ ಪೂರ್ತಿ ಹೆಸರು ಕೂಗಿ' ಎಂದು ಒಂದು. 'ಇಲ್ಲಿಂದ ಇಪ್ಪತ್ತು ಹೆಜ್ಜೆ ಕಪ್ಪೆಯಂತೆ ಕುಪ್ಪಳಿಸಿ' ಎಂದು ಕೊನೆಯದು.

ಗುಡ್ಡದ ಮೇಲಿನ ಹಾಸುಬಂಡೆಯ ಹತ್ತಿರ ಅವಳೂ ಗುರುತು ಹಾಕಲು ಜೊತೆಗೆ ಬಂದಿದ್ದ ಗೆಳತಿ ನಿಖಿತಾಳೂ ಗಿರ್ಮಿಟ್ ಮಾಡಲು ಚುರುಮುರಿ ಹರವಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕೂಗು ಕೇಳಿತು.

"ರುದ್ರವ್ವ ಕಲ್ಲಪ್ಪ ಹೂಗಾರ!"

ಅದರ ಬೆನ್ನಿಗೇ ಒಂದು ಗಂಡು ದನಿ: "ಮಧುಕರ್ ದತ್ತಾತ್ರೇಯ ಕಾಳೆ! ನಿವೃತ್ತ!"

ನಿಖಿತಾ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. "ನಮ್ಮ ತಂಡದಾಗ ನಿವೃತ್ತ ಯಾರದಾರ?"

ಪೊದೆ ಅಲ್ಲಾಡಿತು. ಇಳಕಲ್ ಸೀರೆಯ ಕಚ್ಚೆ ಹಾಕಿ, ಬಿಳಿ ಬೂಟು ತೊಟ್ಟ ಅಜ್ಜಿಯೊಬ್ಬಳು ಕುಪ್ಪಳಿಸುತ್ತ ಹೊರಬಂದಳು. ಅವಳ ಹಿಂದೆ ಇನ್ನೂ ಹದಿನೇಳು ಜನ ಅಜ್ಜ ಅಜ್ಜಿಯರು, ಎಲ್ಲರೂ ಕಪ್ಪೆಗಳೇ. ದಿನಾ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸೇರುವ ನಗೆ ಕ್ಲಬ್ಬಿನವರು.

"ಕಾರ್ಪೊರೇಶನ್ನಿನವ್ರು ಹೊಸಾ ವ್ಯಾಯಾಮದ ದಾರಿ ಮಾಡ್ಯಾರ, ಭಾಳ ಚೊಲೋ ಅದ!" ಎಂದಳು ರುದ್ರವ್ವ ಏದುಸಿರು ಬಿಡುತ್ತ. "ನನ್ನ ಮೊಣಕಾಲಿಗೆ ಡಾಕ್ಟರು ಜಿಗೀಬ್ಯಾಡ ಅಂದಾರ. ಅದಕ್ಕ ನಾ ಅರ್ಧಾ ಕಪ್ಪಿ ಆದೆ."

ಶೀತಲ್ ನಡೆದದ್ದನ್ನು ಹೇಳುವಷ್ಟರಲ್ಲಿ ಮಧುಕರ್ ಕಾಕಾ ಹೆಮ್ಮೆಯಿಂದ ತಮ್ಮ ಚೀಲ ಬಿಚ್ಚಿದರು. ಒಳಗೆ ಅವಳ ಚೀಟಿಗಳೆಲ್ಲ ಇದ್ದವು. ಗುಡ್ಡದ ಮೇಲೆ ಕಸ ಬಿಡಬಾರದಲ್ಲ ಎಂದು ಒಂದೊಂದನ್ನೇ ಆರಿಸಿಕೊಂಡು ಬಂದಿದ್ದರು. ಬಾಣಗಳನ್ನೂ ಬಾಟಲಿ ನೀರು ಹಾಕಿ, ಕರವಸ್ತ್ರದಿಂದ ಒರೆಸಿದ್ದರಂತೆ.

ಶೀತಲ್‌ಳ ಮುಖ ಸಣ್ಣದಾಯಿತು. ಸಿಳ್ಳೆ ತೆಗೆದು ಊದಿದಳು. ನಾಲ್ಕು ನವಿಲು ಉತ್ತರ ಕೊಟ್ಟವು, ಸರ್ ಕೊಡಲಿಲ್ಲ.

"ಅಳಬ್ಯಾಡವಾ," ಎಂದಳು ರುದ್ರವ್ವ. "ನಮಗ ಬರೋದು ಒಂದ ಕೆಲಸ. ಅದನ್ನ ಮಾಡ್ತೀವಿ."

ಹದಿನೆಂಟು ಜನ ಸಾಲಾಗಿ ನಿಂತು, ಕೈ ಮೇಲೆತ್ತಿ, "ಹಾ ಹಾ! ಹೋ ಹೋ!" ಎಂದು ಹೊಟ್ಟೆಯಿಂದ ನಕ್ಕರು. ನವಿಲುಗಳು ಹಾರಿಹೋದವು. ಮೊದಲು ತಡೆದುಕೊಂಡಿದ್ದ ಶೀತಲ್‌ಗೂ ನಗು ಉಕ್ಕಿ, ಬಿಕ್ಕಳಿಕೆ ಹತ್ತಿತು.

ಆ ನಗೆಯ ಸದ್ದು ಹಿಡಿದು ಹದಿನೈದು ನಿಮಿಷಕ್ಕೆ ಈರಬಸಪ್ಪ ಸರ್ ತದ್ವಿರುದ್ಧ ದಿಕ್ಕಿನಿಂದ ಪ್ರತ್ಯಕ್ಷರಾದರು. ಕಾಲುಚೀಲದ ತುಂಬ ಮುಳ್ಳು, ಹಿಂದೆ ಹನ್ನೊಂದು ಮಕ್ಕಳು.

"ಒಂದು ಬಾಣ ಸಿಕ್ಕಿತ್ತು," ಎಂದರು ಗಂಭೀರವಾಗಿ. "ಅದು ಸಾರ್ವಜನಿಕ ಶೌಚಾಲಯದ್ದು."

"ಆಮ್ಯಾಲೆ ಸರ್ ಮೂರು ಮಂದಿಗೆ ದಾರಿ ಕೇಳಿದ್ರು," ಎಂದಿತು ಹಿಂದಿನಿಂದ ಒಂದು ದನಿ.

ಸರ್ ಕೆಮ್ಮಿದರು. "ಇರ್ಲಿ. ಆದ್ರ ಶೀತಲ್, ನಾವು ಗುರುತು ಹಿಡದು ಬರ್ಲಿಲ್ಲ. ನಿಯಮ ಅಂದ್ರ ನಿಯಮ."

ರುದ್ರವ್ವ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. "ನಾವು ಬಂದೇವಲ್ರಿ? ಇವ್ರಾಗ ಇಬ್ಬರಿಗೆ ಚಷ್ಮಾ ಇಲ್ಲಂದ್ರ ತಮ್ಮ ಮನೀ ಬಾಗಲಾನೂ ಕಾಣಂಗಿಲ್ಲ. ಒಬ್ಬರೂ ತಪ್ಪಿಸಿಕೊಳ್ಳದಂಗ ಇಲ್ಲೀತನಕಾ ತಂದಾಳ ಈ ಹುಡುಗಿ. ನೀವು ಹನ್ನೊಂದು ಮಂದಿನ್ನ ಎಲ್ಲಿಗೆ ಒಯ್ದಿದ್ರಿ?"

ಸರ್ ಆಕಾಶ ನೋಡಿದರು, ಬಂಡೆ ನೋಡಿದರು, ಕೊನೆಗೆ ಪೆನ್ನು ತೆಗೆದು ಅವಳ ಪರೀಕ್ಷೆಯ ಪುಸ್ತಕಕ್ಕೆ ಸಹಿ ಹಾಕಿದರು. ಶೀತಲ್ ಸಹಿ ಆರುವವರೆಗೆ ಬಿಕ್ಕಳಿಸುತ್ತಲೇ ಅದರ ಮೇಲೆ ಉಫ್ ಉಫ್ ಎಂದು ಊದಿದಳು.

ಅಷ್ಟರಲ್ಲಿ ನಿಖಿತಾ ಗಿರ್ಮಿಟ್ ಕಲಸಿ ಹಂಚಿದ್ದಳು. ತಲೆಗೊಂದೇ ಹಿಡಿ ಬಂತು. ಸರ್ ಪಾಲಿಗೆ ಡಬ್ಬಿಯ ತಳದ ಹಸಿಮೆಣಸಿನಕಾಯಿ ಬಂದಿತ್ತು. ಅವರು ಯಾರನ್ನೂ ಏನೂ ಕೇಳದೆ ಅದನ್ನೇ ಅಗಿದು, ಕಣ್ಣಲ್ಲಿ ನೀರು ತುಂಬಿಕೊಂಡು, "ಭಾಳ ಚೊಲೋ ಆಗೇದ" ಎಂದರು.